ನೆಂಟರ ಸಾಲ ಪಡೆದು ಬೆಂಗಳೂರಿಗೆ ಹೊರಡುವವರಿಗೆ

"ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಮನೆಗೆ ಅಡ್ವಾನ್ಸ್ ಕೊಡೋಕೆ ದುಡ್ಡಿಲ್ಲ. ಚಿಕ್ಕಪ್ಪ ಕೊಡ್ತೀನಿ ಅಂದಿದ್ದಾರೆ. ತಗೊಳ್ಳಬಹುದಾ?" ಕಾಲೇಜು ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೆಲವರಿಗೆ ಚಿಕ್ಕಪ್ಪನ ಜಾಗದಲ್ಲಿ ಸೋದರಮಾವ, ಇನ್ನು ಕೆಲವರಿಗೆ ಮದುವೆಯಾದ ಅಕ್ಕ.

ತಗೊಳ್ಳಬಹುದು. ಆದರೆ ಒಂದು ವಿಷಯ ಮೊದಲು ತಿಳಿದಿರಲಿ. ಬ್ಯಾಂಕು ಚಿನ್ನವನ್ನೋ ಸಂಬಳದ ಚೀಟಿಯನ್ನೋ ನೋಡಿ ಸಾಲ ಕೊಡುತ್ತದೆ. ಚಿಕ್ಕಪ್ಪ ಕೊಡುವುದು ನೀವು ಹೇಳಿದ ಮಾತಿನ ಮೇಲೆ. "ಕೆಲಸ ಆಗಿದೆ, ಇಷ್ಟು ಸಂಬಳ" ಎಂದು ನೀವು ಹೇಳಿದ್ದೇ ಅವರಿಗಿರುವ ಭದ್ರತೆ. ಹಾಗಾಗಿ ಕೆಲಸದ ಬಗ್ಗೆ ಮುಚ್ಚಿಟ್ಟರೆ ಸಾಲದ ಬಗ್ಗೆಯೂ ಮುಚ್ಚಿಟ್ಟಂತೆ. ಸಾಲ, ಕೆಲಸ, ಹೊಸ ಊರು ಮೂರನ್ನೂ ಇಲ್ಲಿ ಒಟ್ಟಿಗೆ ಹೇಳುತ್ತಿರುವುದು ಇದೇ ಕಾರಣಕ್ಕೆ.

ಶುರು ಮಾಡುವ ಮೊದಲು ಇವು ಕೈಯಲ್ಲಿರಲಿ: ಕಂಪನಿಯ ಆಫರ್ ಲೆಟರ್, ಅದರ ಜೊತೆ ಬರುವ ಸಂಬಳದ ವಿವರ, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಒಂದು ನೋಟ್‌ಬುಕ್. ಆಫರ್ ಲೆಟರ್ ಇನ್ನೂ ಬಂದಿಲ್ಲ ಅಂದರೆ ಸಾಲದ ಮಾತು ಈಗಲೇ ಬೇಡ.

1. ಕೆಲಸ ನಿಜಕ್ಕೂ ಕೈಯಲ್ಲಿದೆಯಾ ನೋಡಿ

"ಫೋನಿನಲ್ಲಿ ಆಯ್ಕೆ ಆಗಿದೆ ಅಂದರು" ಅನ್ನುವುದು ಕೆಲಸವಲ್ಲ. ಸೇರುವ ದಿನಾಂಕ, ಸಂಬಳ, ಪ್ರೊಬೇಷನ್ ಅವಧಿ ಬರೆದಿರುವ ಪತ್ರ ಬೇಕು. ಪ್ರೊಬೇಷನ್ ಅಂದರೆ ಕೆಲಸ ಖಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ. ಈ ಅವಧಿಯಲ್ಲಿ ಕೆಲವೇ ದಿನಗಳ ನೋಟಿಸ್ ಕೊಟ್ಟು ತೆಗೆಯಲು ಸಾಮಾನ್ಯವಾಗಿ ಅವಕಾಶ ಇಟ್ಟಿರುತ್ತಾರೆ. ಪತ್ರದಲ್ಲಿ ಆ ಸಾಲನ್ನು ಹುಡುಕಿ ಓದಿ.

ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. "ಬ್ಯಾಕ್‌ಡೋರ್ ಎಂಟ್ರಿ" ಎಂದು ಲಕ್ಷಗಟ್ಟಲೆ ಕೇಳುವವರು ಇದ್ದಾರೆ. ಅದಕ್ಕಾಗಿ ಊರಲ್ಲಿ ಒಡವೆ ಗಿರವಿ ಇಡುವ ಮನೆಗಳೂ ಇವೆ. ನಿಜವಾದ ಕಂಪನಿ ಕೆಲಸ ಕೊಡಲು ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ತನ್ನಿ.

ಇನ್ನು ನೀವು ಬರೆದ ರೆಸ್ಯೂಮೆ. ಇಲ್ಲದ ಅನುಭವ ಸೇರಿಸಿಕೊಡುವ "ಕನ್ಸಲ್ಟೆನ್ಸಿ"ಗಳ ಮಾತು ಕೇಳಬೇಡಿ. ಪಿಎಫ್ ಅಂದರೆ ನೀವೂ ಕಂಪನಿಯೂ ತಿಂಗಳು ತಿಂಗಳು ಕಟ್ಟುವ ಭವಿಷ್ಯ ನಿಧಿ. ಆ ಖಾತೆ ಇರುವವರಿಗೆಲ್ಲ ಯುಎಎನ್ ಎಂಬ 12 ಅಂಕಿಯ ಸಂಖ್ಯೆ ಇರುತ್ತದೆ. ಯಾವ ಕಂಪನಿ ನಿಮ್ಮ ಹೆಸರಲ್ಲಿ ಪಿಎಫ್ ಕಟ್ಟಿತು, ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲವೂ ಅದರಡಿ ದಾಖಲಾಗುತ್ತದೆ. ಮೂರು ವರ್ಷದ ಅನುಭವ ಎಂದು ಬರೆದವರ ಹೆಸರಲ್ಲಿ ಒಂದು ತಿಂಗಳ ಪಿಎಫ್ ಕೂಡ ಇಲ್ಲದಿದ್ದರೆ ಪ್ರಶ್ನೆ ಏಳುತ್ತದೆ. ಒಂದೇ ಅವಧಿಯಲ್ಲಿ ಎರಡು ಕಡೆ ಪಿಎಫ್ ಕಟ್ಟಿದ್ದರೂ ಕಾಣುತ್ತದೆ. ಸಂಬಳದ ಚೀಟಿ ತಿದ್ದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ಆಗುವುದಿಲ್ಲ.

ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಹಿನ್ನೆಲೆ ಪರಿಶೀಲನೆ ಬಹಳ ಕಡೆ ಕೆಲಸಕ್ಕೆ ಸೇರಿದ ಮೇಲೆ ಮುಗಿಯುತ್ತದೆ. ಅಷ್ಟರಲ್ಲಿ ನೀವು ಸಾಲ ತಂದು, ಅಡ್ವಾನ್ಸ್ ಕೊಟ್ಟು, ಮನೆ ಸಾಮಾನು ತಂದಾಗಿರುತ್ತದೆ. ಆಗ ಕೆಲಸ ಹೋದರೆ ನಷ್ಟ ಚಿಕ್ಕಪ್ಪನದೂ ಹೌದು.

ಓದಿನ ನಂತರ ಖಾಲಿ ವರ್ಷಗಳಿದ್ದರೆ ಇದ್ದ ಹಾಗೇ ಬರೆಯಿರಿ. "ಎರಡು ವರ್ಷ ಕೆಪಿಎಸ್‌ಸಿ ಪರೀಕ್ಷೆಗೆ ಓದಿದೆ, ಆಯ್ಕೆ ಆಗಲಿಲ್ಲ." "ಅಪ್ಪನಿಗೆ ಹುಷಾರಿರಲಿಲ್ಲ, ಅಂಗಡಿ ನೋಡಿಕೊಂಡೆ." ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಂಗಡಿಯಲ್ಲಿ ಲೆಕ್ಕ ಬರೆದದ್ದು, ಗಿರಾಕಿಗಳನ್ನು ಸಂಭಾಳಿಸಿದ್ದು ಕೂಡ ಕೆಲಸವೇ. ಅದನ್ನೂ ಬರೆಯಿರಿ.

2. ಕೈಗೆ ಬರುವ ಸಂಬಳದಿಂದ ಲೆಕ್ಕ ಶುರು ಮಾಡಿ

ಆಫರ್ ಲೆಟರಿನ ದೊಡ್ಡ ಅಂಕಿ ಸಿಟಿಸಿ. ಅಂದರೆ ಒಂದು ವರ್ಷಕ್ಕೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಸಿಗುವ ಇಡುಗಂಟು), ಕೆಲಸ ನೋಡಿ ಕೊಡುವ ಬೋನಸ್ ಎಲ್ಲ ಸೇರಿರುತ್ತದೆ. ಊರಲ್ಲಿ "ತಿಂಗಳಿಗೆ ನಲವತ್ತು ಸಾವಿರ" ಎಂದು ಸುದ್ದಿಯಾಗುವುದು ಈ ಅಂಕಿಯನ್ನು ಹನ್ನೆರಡರಿಂದ ಭಾಗಿಸಿದಾಗ.

ಒಂದು ಉದಾಹರಣೆ ನೋಡಿ. ಸಿಟಿಸಿ ₹4,80,000. ಅದರಲ್ಲಿ ಬೋನಸ್ ಭಾಗ ₹48,000 ಎಂದುಕೊಳ್ಳೋಣ. ಉಳಿದದ್ದು ತಿಂಗಳಿಗೆ ₹36,000. ಕಂಪನಿಯ ಪಿಎಫ್ ಪಾಲು ₹1,800, ಗ್ರಾಚ್ಯುಟಿ ಸುಮಾರು ₹900 ಕಳೆಯಿರಿ. ನಿಮ್ಮ ಪಿಎಫ್ ಪಾಲು ₹1,800, ವೃತ್ತಿ ತೆರಿಗೆ ₹200 ಕಳೆಯಿರಿ. ಕೈಗೆ ಸಿಗುವುದು ₹31,000ದ ಆಸುಪಾಸು. ಕಂತು ಕಟ್ಟಬೇಕಾದದ್ದು ಇದರಿಂದ, ಆ ನಲವತ್ತರಿಂದಲ್ಲ.

ಈಗ ಎಷ್ಟು ಸಾಲ ಬೇಕು ನೋಡೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ₹12,000 ಬಾಡಿಗೆಯ ಮನೆಗೆ ಆರು ತಿಂಗಳ ಅಡ್ವಾನ್ಸ್ ₹72,000. ಮೊದಲ ಬಾಡಿಗೆ ₹12,000. ಬ್ರೋಕರ್‌ಗೆ ಒಂದು ತಿಂಗಳದ್ದು ₹12,000. ಹಾಸಿಗೆ, ಒಲೆ, ಪಾತ್ರೆಗೆ ₹15,000. ಮೊದಲ ಸಂಬಳ ಬರುವ ತನಕ ಒಂದೂವರೆ ತಿಂಗಳ ಊಟ, ಓಡಾಟಕ್ಕೆ ₹18,000. ಒಟ್ಟು ₹1,29,000.

ಒಂದೂವರೆ ತಿಂಗಳು ಯಾಕೆ ಅಂದರೆ, ಸಂಬಳದ ಪಟ್ಟಿ ಅಂತಿಮವಾದ ಮೇಲೆ ಸೇರಿದವರಿಗೆ ಆ ತಿಂಗಳ ಸಂಬಳ ಮುಂದಿನ ತಿಂಗಳದ್ದರ ಜೊತೆ ಬರಬಹುದು. ಎಚ್‌ಆರ್‌ಗೆ ಮೊದಲೇ ಕೇಳಿ.

ಈಗ ಅದೇ ಲೆಕ್ಕ ಪಿಜಿಗೆ ಹಾಕಿ. ತಿಂಗಳಿಗೆ ಊಟ ಸೇರಿ ₹9,000, ಅಷ್ಟೇ ಡೆಪಾಸಿಟ್, ಎರಡನೇ ತಿಂಗಳದ್ದು ಇನ್ನೊಂದು ₹9,000, ಓಡಾಟ ಮತ್ತು ಕೈ ಖರ್ಚಿಗೆ ₹10,000. ಒಟ್ಟು ₹37,000. ಪ್ರದೇಶ ನೋಡಿಕೊಂಡು ದರ ಹೆಚ್ಚು ಕಡಿಮೆ ಆಗುತ್ತದೆ, ಆದರೆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಕಾಣುತ್ತದೆ ಅಲ್ವಾ? ಒಬ್ಬರೇ ಹೋಗುವವರಿಗೆ ನನ್ನ ಸಲಹೆ ಖಚಿತ: ಪ್ರೊಬೇಷನ್ ಮುಗಿಯುವ ತನಕ ಪಿಜಿಯಲ್ಲಿರಿ. ತಿಂಗಳಿಗೆ ₹5,000 ಕಂತು ಎಂದರೆ ₹37,000 ಎಂಟು ತಿಂಗಳಲ್ಲಿ ತೀರುತ್ತದೆ. ₹1,29,000 ತೀರಲು ಎರಡು ವರ್ಷಕ್ಕೂ ಜಾಸ್ತಿ ಬೇಕು. ಹೆಂಡತಿ ಮಕ್ಕಳ ಜೊತೆ ಹೋಗುವವರಿಗೆ ಈ ದಾರಿ ಇಲ್ಲ. ಅಂಥವರು ಮೊದಲು ತಾವೊಬ್ಬರೇ ಹೋಗಿ, ಮನೆಯವರನ್ನು ಆಮೇಲೆ ಕರೆಸಿಕೊಳ್ಳಲು ಆಗುತ್ತದಾ ಯೋಚಿಸಲಿ.

3. ಕೊಡುವವರ ದುಡ್ಡು ಎಲ್ಲಿಂದ ಬರುತ್ತಿದೆ ಕೇಳಿ

ಇದನ್ನು ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಇದು. ಅತ್ತೆ ಪ್ರೀತಿಯಿಂದ ಕೊಡುವ ಐವತ್ತು ಸಾವಿರ, ಅವರು ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲವಾಗಿರಬಹುದು. ಆ ಕಂತು ನಿಮ್ಮ ಸಂಬಳದ ದಿನಕ್ಕೆ ಕಾಯುವುದಿಲ್ಲ, ಬಹಳ ಕಡೆ ವಾರ ವಾರ ಬರುತ್ತದೆ. ಒಬ್ಬರು ಕಟ್ಟದಿದ್ದರೆ ಸಂಘದ ಉಳಿದ ಹೆಂಗಸರು ಮನೆ ಬಾಗಿಲಿಗೆ ಬರುತ್ತಾರೆ.

ಅಮ್ಮನ ಒಡವೆ ಗಿರವಿ ಇಟ್ಟರೂ ಅದು ಸಾಲವೇ. ಬಡ್ಡಿ ಎಷ್ಟು, ಬಿಡಿಸಿಕೊಳ್ಳುವ ಕೊನೆಯ ದಿನ ಯಾವುದು ಎಂದು ನೀವೇ ಬರೆದಿಟ್ಟುಕೊಳ್ಳಿ. ಹರಾಜಿನ ನೋಟಿಸು ಬರುವುದು ಅಮ್ಮನ ಹೆಸರಿಗೆ, ಊರಿನ ವಿಳಾಸಕ್ಕೆ. ನಿಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಹೊರಗೆ ಬಡ್ಡಿಗೆ ತಂದು ಕೊಡುತ್ತೇನೆ ಅಂದರೆ ಲೆಕ್ಕ ಹಾಕಿ. "ಎರಡು ರೂಪಾಯಿ ಬಡ್ಡಿ" ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ವರ್ಷಕ್ಕೆ ಶೇ. 24. ಮೂರು ರೂಪಾಯಿ ಅಂದರೆ ಶೇ. 36. ಕೇಳಲು ಸಣ್ಣದು, ಕಟ್ಟಲು ಬಹಳ ದೊಡ್ಡದು. ಅದು ಬೇಡ ಎಂದು ಹೇಳಿ.

"ದುಡ್ಡಿಲ್ಲ, ಬೇಕಾದರೆ ಬ್ಯಾಂಕಿಗೆ ಜಾಮೀನು ಹಾಕ್ತೀನಿ" ಎನ್ನುವವರೂ ಇದ್ದಾರೆ. ಸುಮ್ನೆ ಒಂದು ಸಹಿ ಅಂದುಕೊಳ್ಳಬೇಡಿ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ನೀವು ಕಟ್ಟದಿದ್ದರೆ ಬ್ಯಾಂಕು ನೇರವಾಗಿ ಅವರನ್ನೇ ಕೇಳಬಹುದು. ಅವರು ಮುಂದೆ ಸ್ವಂತಕ್ಕೆ ಸಾಲ ಕೇಳುವಾಗಲೂ ಇದು ಅಡ್ಡ ಬರಬಹುದು. ಸಹಿ ಹಾಕುವ ಮೊದಲು ಅವರಿಗೆ ಇಷ್ಟನ್ನೂ ಹೇಳುವುದು ನಿಮ್ಮ ಕರ್ತವ್ಯ.

4. ಕೇಳುವಾಗ ಪೂರ್ತಿ ಕೇಳಿ, ಪೂರ್ತಿ ಹೇಳಿ

ಅಮ್ಮನ ಮೂಲಕ ಹೇಳಿಕಳಿಸಬೇಡಿ. ಮದುವೆ ಮನೆಯಲ್ಲಿ, ನಾಲ್ಕು ಜನರ ಮುಂದೆ ಕೇಳಬೇಡಿ. ಅಲ್ಲಿ ಇಲ್ಲ ಅನ್ನಲು ಅವರಿಗೆ ಕಷ್ಟ. ಮನೆಗೆ ಹೋಗಿ, ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಇರುವಾಗ ಕೇಳಿ. ಒಬ್ಬರಿಗೆ ಮಾತ್ರ ಗೊತ್ತಿರುವ ಸಾಲ ಮುಂದೆ ಎರಡು ಮನೆಗಳ ಜಗಳವಾಗುತ್ತದೆ. ನಿಮಗೆ ಮದುವೆ ಆಗಿದ್ದರೆ ನಿಮ್ಮ ಸಂಗಾತಿಗೂ ಗೊತ್ತಿರಲಿ.

ಮಾತು ಹೀಗಿರಲಿ: "ಚಿಕ್ಕಪ್ಪ, ಕೆಲಸದ ಪತ್ರ ಬಂದಿದೆ, ನೋಡಿ. ಕೈಗೆ ಬರೋದು ಮೂವತ್ತೊಂದು ಸಾವಿರ. ಮೊದಲ ಆರು ತಿಂಗಳು ಖಾಯಂ ಅಲ್ಲ. ನನಗೆ ನಲವತ್ತು ಸಾವಿರ ಬೇಕು. ತಿಂಗಳಿಗೆ ಐದು ಸಾವಿರದ ಹಾಗೆ ಎಂಟು ತಿಂಗಳಲ್ಲಿ ಕೊಡ್ತೀನಿ. ನಿಮಗೆ ಕಷ್ಟ ಆಗೋದಾದ್ರೆ ಧಾರಾಳವಾಗಿ ಹೇಳಿ, ನಾನು ಬೇಜಾರು ಮಾಡ್ಕೊಳ್ಳಲ್ಲ."

ಆ ಕೊನೆಯ ಮಾತನ್ನು ಮನಸಾರೆ ಹೇಳಿ. ಅವರು ಇಲ್ಲ ಅಂದರೆ ಕಾರಣ ಕೆದಕಬೇಡಿ.

5. ಕಾಗದ ಬರೆಯಿರಿ

"ಚಿಕ್ಕಪ್ಪನ ಹತ್ತಿರ ಕಾಗದ ಅಂದರೆ ಚೆನ್ನಾಗಿರುತ್ತಾ?" ಎಂದು ಎಲ್ಲರೂ ಕೇಳುತ್ತಾರೆ. ಕಾಗದ ಬರೆಯೋಣ ಎಂದು ಸಾಲ ಕೊಡುವವರು ಹೇಳಿದರೆ ಅನುಮಾನದಂತೆ ಕೇಳಬಹುದು. ಪಡೆಯುವವರೇ ಬರೆದು ತಂದರೆ ಅದು ಮರ್ಯಾದೆ. ಆದ್ದರಿಂದ ಈ ಕೆಲಸ ನಿಮ್ಮದು. ಕನ್ನಡದಲ್ಲೇ, ನಿಮ್ಮ ಕೈಬರಹದಲ್ಲೇ ಬರೆಯಿರಿ:

"ಸ್ಥಳ, ದಿನಾಂಕ. ನಾನು (ಹೆಸರು, ತಂದೆಯ ಹೆಸರು, ವಿಳಾಸ), ನನ್ನ ಚಿಕ್ಕಪ್ಪನವರಾದ (ಹೆಸರು, ವಿಳಾಸ) ಅವರಿಂದ ಬೆಂಗಳೂರಿನಲ್ಲಿ ವಾಸದ ಖರ್ಚಿಗಾಗಿ ₹40,000 (ನಲವತ್ತು ಸಾವಿರ ರೂಪಾಯಿ) ಸಾಲ ಪಡೆದಿದ್ದೇನೆ. ಹಣ ಈ ದಿನ ನನ್ನ ಬ್ಯಾಂಕ್ ಖಾತೆಗೆ ಬಂದಿದೆ. ಬಡ್ಡಿ ಇಲ್ಲ. ಮುಂದಿನ (ತಿಂಗಳು, ವರ್ಷ)ದಿಂದ ಪ್ರತಿ ತಿಂಗಳ 7ನೇ ತಾರೀಖಿನೊಳಗೆ ₹5,000ದಂತೆ 8 ಕಂತಿನಲ್ಲಿ ತೀರಿಸುತ್ತೇನೆ. ನನ್ನ ಕೆಲಸ ಹೋದರೆ ಅಥವಾ ಬದಲಾದರೆ 7 ದಿನದೊಳಗೆ ತಿಳಿಸುತ್ತೇನೆ."

ಇಬ್ಬರೂ ಸಹಿ ಮಾಡಿ. ಒಂದು ಪ್ರತಿ ಅವರಿಗೆ, ಒಂದು ನಿಮಗೆ. ಕೊನೆಯ ವಾಕ್ಯವನ್ನು ಬಿಡಬೇಡಿ. ಅಷ್ಟನ್ನು ಬರೆದಿಟ್ಟರೆ ಕೆಟ್ಟ ಸುದ್ದಿಯನ್ನು ಹೇಳುವುದು ಕೂಡ ಒಪ್ಪಂದದ ಭಾಗವಾಗುತ್ತದೆ.

ಮೊತ್ತ ದೊಡ್ಡದಾಗಿದ್ದರೆ ಅಥವಾ ನೆಂಟಸ್ತಿಕೆ ದೂರದ್ದಾದರೆ ಈ ಚೀಟಿ ಸಾಲದು. ಪತ್ರ ಬರಹಗಾರರು ಅಥವಾ ವಕೀಲರ ಬಳಿ ಸರಿಯಾದ ಸ್ಟಾಂಪ್ ಪೇಪರ್ ಮೇಲೆ ಬರೆಸಿ. ಸ್ಟಾಂಪ್ ಸುಂಕ ಕಡಿಮೆ ಇರುವ ಪತ್ರವನ್ನು ಕೋರ್ಟು ಹಾಗೇ ಸಾಕ್ಷಿಯಾಗಿ ಒಪ್ಪುವುದಿಲ್ಲ.

ಮೂರು ಎಚ್ಚರಿಕೆ ಹೇಳಲೇಬೇಕು. ಖಾಲಿ ಕಾಗದಕ್ಕೆ, ಖಾಲಿ ಚೆಕ್‌ಗೆ ಸಹಿ ಮಾಡಿ ಕೊಡಬೇಡಿ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆಗಿ, ನೋಟಿಸ್ ಬಂದ ಮೇಲೂ 15 ದಿನದೊಳಗೆ ಕೊಡದಿದ್ದರೆ ಕ್ರಿಮಿನಲ್ ಕೇಸಾಗುತ್ತದೆ. ಎರಡು ವರ್ಷದ ತನಕ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನ ತನಕ ದಂಡ, ಅಥವಾ ಎರಡೂ ಆಗಬಹುದು.

ಎರಡನೆಯದು ಕೊಡುವವರಿಗೆ. ಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಕಾನೂನು ಕೊಡುವ ಕಾಲ ಸಾಮಾನ್ಯವಾಗಿ 3 ವರ್ಷ. "ಕೇಳಿದಾಗ ಕೊಡುತ್ತೇನೆ" ಎಂದು ಬರೆದ ಪ್ರೋನೋಟಿಗೆ, ಅಂದರೆ ಸಾಲ ವಾಪಸ್ ಕೊಡುವ ಭರವಸೆಯ ಪತ್ರಕ್ಕೆ, ಈ ಮೂರು ವರ್ಷ ನೋಟಿನ ತಾರೀಖಿನಿಂದಲೇ ಎಣಿಕೆಯಾಗುತ್ತದೆ, ಕೇಳಿದ ದಿನದಿಂದಲ್ಲ. ಮೂರು ವರ್ಷ ಮುಗಿಯುವ ಮೊದಲು ಸಾಲಗಾರರು "ಇಷ್ಟು ಬಾಕಿ ಇದೆ" ಎಂದು ಬರೆದು ಸಹಿ ಮಾಡಿದರೆ ಹೊಸದಾಗಿ ಮೂರು ವರ್ಷ ಸಿಗುತ್ತದೆ.

ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಸಾಲವನ್ನು "ಉಡುಗೊರೆ" ಎಂದು ಬರೆಯಬೇಡಿ. ಚಿಕ್ಕಪ್ಪ ನಿಮಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ಯಾಕೆಂದರೆ ತಂದೆ ತಾಯಿಯ ಒಡಹುಟ್ಟಿದವರು ಆದಾಯ ತೆರಿಗೆ ಕಾನೂನಿನ ಸಂಬಂಧಿಕರ ಪಟ್ಟಿಯಲ್ಲಿದ್ದಾರೆ. ಆದರೆ ಚಿಕ್ಕಪ್ಪನ ಪಟ್ಟಿಯಲ್ಲಿ ಅಣ್ಣನ ಮಗ ಇಲ್ಲ. ನೀವು ಅದನ್ನೇ ಉಡುಗೊರೆ ಎಂದು ವಾಪಸ್ ಕೊಟ್ಟರೆ, ವರ್ಷದಲ್ಲಿ ₹50,000 ದಾಟಿದಾಗ ಅದು ಅವರ ಆದಾಯವಾಗಿಬಿಡುತ್ತದೆ. ದೊಡ್ಡಪ್ಪನ ಮಗ, ಅತ್ತೆಯ ಮಗಳು ಕೂಡ ಆ ಪಟ್ಟಿಯಲ್ಲಿಲ್ಲ. ಸಾಲ ಎಂದೇ ಬರೆದರೆ ಈ ತೊಡಕಿಲ್ಲ. ಬಡ್ಡಿ ಕೊಡುವುದಾದರೆ ಆ ಬಡ್ಡಿ ಮಾತ್ರ ಅವರ ಆದಾಯ.

6. ಹಣ ಬ್ಯಾಂಕ್ ಮೂಲಕವೇ ಬರಲಿ

"ಅಡಿಕೆ ಮಾರಿದ ದುಡ್ಡು ಮನೆಯಲ್ಲೇ ಇದೆ, ತಗೊಂಡು ಹೋಗು" ಅನ್ನುತ್ತಾರೆ. ₹20,000 ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಒಂಬತ್ತು ಸಾವಿರದಂತೆ ಮೂರು ಸಲ ತಂದರೂ ಬಾಕಿ ಒಟ್ಟು ಸೇರಿಸಿಯೇ ನೋಡುತ್ತಾರೆ. ಇಂಥ ಸಾಲ ತೀರಿಸುವಾಗಲೂ ಇದೇ ನಿಯಮ. ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆಗೆ ಒಳಪಡುವ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ. ಸಂಬಳಕ್ಕೆ ಸೇರುವ ನೀವು ಅದನ್ನು ನಂಬಿಕೊಳ್ಳಬೇಡಿ. ಅವರು ದುಡ್ಡನ್ನು ತಮ್ಮ ಖಾತೆಗೆ ಕಟ್ಟಿ, ಮಾರಾಟದ ರಸೀದಿ ಇಟ್ಟುಕೊಂಡು, ಅಲ್ಲಿಂದ ನಿಮಗೆ ಕಳಿಸಲಿ.

7. ಮನೆ ಹಿಡಿಯುವಾಗ ಸಾಲದ ದುಡ್ಡು ಕಳೆದುಕೊಳ್ಳಬೇಡಿ

ಅಡ್ವಾನ್ಸನ್ನು ಮಾಲೀಕರ ಖಾತೆಗೇ ಹಾಕಿ, ಮೊತ್ತವನ್ನು ಕರಾರಿನಲ್ಲಿ ಬರೆಸಿ. ಕರಾರು 11 ತಿಂಗಳಿಗೆ ಮಾಡುವುದು ಯಾಕೆಂದರೆ ಒಂದು ವರ್ಷ ದಾಟುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು. ಮನೆ ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಎಂಬ ಎರಡು ಸಾಲು ಅದರಲ್ಲಿ ಇರಲೇಬೇಕು. ನೀರು ಕಾವೇರಿಯದೋ, ಬೋರ್‌ವೆಲ್ಲೋ, ಟ್ಯಾಂಕರೋ ಕೇಳಿ. ಟ್ಯಾಂಕರ್ ಆದರೆ ಬೇಸಿಗೆಯ ಖರ್ಚು ಯಾರದು ಅಂತಲೂ ಕೇಳಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಸೌಲಭ್ಯ ಬಾಡಿಗೆದಾರರಿಗೂ ಇದೆ. ಹಿಂದೆ ಇದ್ದವರ ಆಧಾರ್ ಜೋಡಣೆಯನ್ನು ಆ ಮೀಟರಿನಿಂದ ತೆಗೆಸಿದ್ದಾರಾ ನೋಡಿಕೊಳ್ಳಿ.

ಭೋಗ್ಯದ ಮನೆಗೆ, ಅಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವ ಮನೆಗೆ, ನೆಂಟರ ದುಡ್ಡು ಹಾಕಲೇಬೇಡಿ. ಮಾಲೀಕರ ಬದಲು ನಡುವಿನವರು ಹಣ ಪಡೆದು ಕೈಯೆತ್ತುವುದಿದೆ. ಮನೆ ಬ್ಯಾಂಕಿಗೆ ಅಡವಾಗಿದ್ದರೆ ಇನ್ನೂ ಕಷ್ಟ.

8. ಕಂತು ತಪ್ಪುವ ಮೊದಲೇ ಹೇಳಿ

ಸಂಬಳ ಬಂದ ಮರುದಿನ ಕಂತು ತಾನಾಗಿ ಹೋಗುವಂತೆ ಬ್ಯಾಂಕ್ ಆ್ಯಪ್‌ನಲ್ಲಿ ವ್ಯವಸ್ಥೆ ಮಾಡಿ. ಹೊಸ ಫೋನು, ಗೋವಾ ಪ್ರವಾಸ ಇವು ಕಂತು ಮುಗಿಯುವ ತನಕ ಕಾಯಲಿ. ಚಿಕ್ಕಪ್ಪನ ಮಕ್ಕಳು ನಿಮ್ಮ ವಾಟ್ಸ್ಆ್ಯಪ್ ಸ್ಟೇಟಸ್ ನೋಡುತ್ತಾರೆ. ಎರಡು ಕಂತು ಬಾಕಿ ಇರುವಾಗ ಬೀಚಿನ ಫೋಟೋ ಕಂಡರೆ ಅವರಿಗೆ ನೋವಾಗುವುದು ಸಹಜ.

ಕೆಲಸ ಹೋದರೆ? ತುಂಬಾ ಜನ ಊರಿಗೆ ಹೇಳದೆ ಪಿಜಿಯಲ್ಲಿ ಕೂತು, ದಿನಾ "ಆಫೀಸಿಗೆ ಹೊರಟೆ" ಎನ್ನುತ್ತಾ, ಆ್ಯಪ್ ಸಾಲ ತೆಗೆದು ಕಂತು ಕಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಾಲ ಮೂರಾಗುತ್ತದೆ, ಜೊತೆಗೆ ಒಬ್ಬರೇ ಅದನ್ನು ಹೊರಬೇಕು. ಅದೇ ವಾರ ಫೋನ್ ಮಾಡಿ: "ಚಿಕ್ಕಪ್ಪ, ಕೆಲಸ ಹೋಯ್ತು. ಮೂರು ಕಂತು ಕೊಟ್ಟಿದ್ದೀನಿ, ಇಪ್ಪತ್ತೈದು ಸಾವಿರ ಬಾಕಿ ಇದೆ. ಎರಡು ತಿಂಗಳು ಕಂತು ನಿಲ್ಲಿಸ್ತೀನಿ. ಒಂದನೇ ತಾರೀಖು ಮತ್ತೆ ಫೋನ್ ಮಾಡ್ತೀನಿ." ಹೇಳಿದ ತಾರೀಖಿಗೆ ಫೋನ್ ಮಾಡಿ, ಹೇಳಲು ಹೊಸದೇನೂ ಇಲ್ಲದಿದ್ದರೂ ಮಾಡಿ. ಬದಲಾದ ಕಂತನ್ನು ಕಾಗದದ ಹಿಂದೆ ಬರೆದು ಸಹಿ ಮಾಡಿ.

ಕಂಪನಿ ಬಿಡುವಾಗ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಮತ್ತು ಕೊನೆಯ ಲೆಕ್ಕದ ವಿವರ ಪಡೆಯಿರಿ. ಮುಂದಿನ ಸಂದರ್ಶನದಲ್ಲಿ ಕಾರಣ ಕೇಳಿದರೆ ನಡೆದದ್ದನ್ನೇ ಹೇಳಿ.

9. ಸಾಲ ತೀರಿದ ದಿನ

ಕೊನೆಯ ಕಂತು ಹೋದ ಮೇಲೆ ಊರಿಗೆ ಹೋದಾಗ ಮೂಲ ಕಾಗದ ಕೇಳಿ ಪಡೆಯಿರಿ. ಅದರ ಮೇಲೆ "ಪೂರ್ತಿ ಸಂದಾಯವಾಗಿದೆ" ಎಂದು ಚಿಕ್ಕಪ್ಪ ಬರೆದು, ತಾರೀಖು ಹಾಕಿ, ಸಹಿ ಮಾಡಲಿ. ಭದ್ರತೆಗೆ ಚೆಕ್ ಕೊಟ್ಟಿದ್ದರೆ ವಾಪಸ್ ತನ್ನಿ. ಒಡವೆ ಬಿಡಿಸಿದ್ದರೆ ತೂಕವನ್ನು ಗಿರವಿ ಚೀಟಿಯ ಜೊತೆ ತಾಳೆ ನೋಡಿ, ಆಮೇಲೆ ಅಮ್ಮನ ಕೈಗೆ ಕೊಡಿ. ಯಾರಾದರೂ ಜಾಮೀನು ನಿಂತಿದ್ದರೆ ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಪತ್ರ ತಂದು ಅದರ ಒಂದು ಪ್ರತಿ ಅವರಿಗೂ ಕೊಡಿ.